ಸರ್ಕಾರ ಉರುಳಿಸಿದ ಸೇನಾಧಿಕಾರಿಗಳ ಸಮರ್ಥನೆಗಳು: ಪಾಕಿಸ್ತಾನದ ಅನುಭವ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಪಾಕಿಸ್ತಾನದಲ್ಲಿ 1958ರಲ್ಲಿ ಅಯೂಬ್ ಖಾನ್, 1977ರಲ್ಲಿ ಜಿಯಾ ಉಲ್ ಹಕ್, 1999ರಲ್ಲಿ ಪರ್ವೇಜ್ ಮುಷರಫ್, ಹೀಗೆ ಮೂವರು ಸೇನಾ ಮುಖ್ಯಸ್ಥರು ಅಧಿಕಾರವನ್ನು ತಮ್ಮ ಕೈಗೆ ತೆಗೆದುಕೊಂಡರು. ಮೂರು ಸಲವೂ ತಾವು ಏಕೆ ಹಾಗೆ ಮಾಡಬೇಕಾಯಿತು ಎಂಬುದನ್ನು ಅವರು ಜನರಿಗೆ ವಿವರಿಸಿದರು. ಆ ವಿವರಣೆಗಳನ್ನೂ, ಅವುಗಳ ಹಿಂದಿನ ಮತ್ತು ಮುಂದಿನ ಘಟನೆಗಳನ್ನೂ ಒಟ್ಟಿಗೆ ಇಟ್ಟು ನೋಡುವವರಿಗೆ ಸಹಜವಾಗಿ ಏಳುವ ಪ್ರಶ್ನೆಗಳನ್ನು ಇಲ್ಲಿ ತೆಗೆದುಕೊಂಡಿದ್ದೇನೆ.

ಕೈಯಲ್ಲಿ ಬಂದೂಕು ಇದ್ದವರಿಗೆ ಸಮರ್ಥನೆ ಏಕೆ ಬೇಕು?

ಬಂದೂಕಿನಿಂದ ಪ್ರಧಾನಿಯ ನಿವಾಸವನ್ನು, ರೇಡಿಯೋ ಕೇಂದ್ರವನ್ನು, ವಿಮಾನ ನಿಲ್ದಾಣವನ್ನು ವಶಪಡಿಸಿಕೊಳ್ಳಬಹುದು. ಆದರೆ ಮರುದಿನ ಬೆಳಿಗ್ಗೆ ಖಜಾನೆಯ ಗುಮಾಸ್ತ ಬಿಲ್ಲಿಗೆ ಸಹಿ ಹಾಕಬೇಕು, ಜಿಲ್ಲಾಧಿಕಾರಿ ಹೊಸ ಆದೇಶವನ್ನು ಜಾರಿಗೊಳಿಸಬೇಕು, ನ್ಯಾಯಾಧೀಶರು ಪೀಠದಲ್ಲಿ ಕೂರಬೇಕು, ಸಾಲ ಕೊಟ್ಟಿರುವ ವಿದೇಶಗಳು ಹೊಸಬರನ್ನು ಸರ್ಕಾರವೆಂದು ಒಪ್ಪಬೇಕು. ಇವರಲ್ಲಿ ಒಬ್ಬೊಬ್ಬರ ಹಿಂದೆಯೂ ಒಬ್ಬೊಬ್ಬ ಸಿಪಾಯಿಯನ್ನು ನಿಲ್ಲಿಸುವುದು ಯಾವ ಸೇನೆಗೂ ಆಗದ ಮಾತು.

ಇನ್ನೂ ಮುಖ್ಯವಾದ ಶ್ರೋತೃ ಸೇನೆಯ ಒಳಗೇ ಇರುತ್ತಾನೆ. ಪ್ರತಿಯೊಬ್ಬ ಅಧಿಕಾರಿಯೂ ಸೇವೆಗೆ ಸೇರುವಾಗ ಸಂವಿಧಾನಕ್ಕೆ ನಿಷ್ಠನಾಗಿರುತ್ತೇನೆ ಎಂದು ಪ್ರಮಾಣ ಮಾಡಿರುತ್ತಾನೆ. 1973ರ ಪಾಕಿಸ್ತಾನ ಸಂವಿಧಾನವಂತೂ ಸೇನೆಯವರು ಯಾವುದೇ ರಾಜಕೀಯ ಚಟುವಟಿಕೆಯಲ್ಲಿ ತೊಡಗುವುದಿಲ್ಲ ಎಂಬ ಮಾತನ್ನೂ ಆ ಪ್ರಮಾಣದಲ್ಲಿ ಸೇರಿಸಿತು. ಆಣೆ ಮುರಿಯಿರಿ ಎಂದು ಆಜ್ಞಾಪಿಸುವ ಜನರಲ್, ಇದು ಆಣೆ ಮುರಿದಂತಲ್ಲ, ಆಣೆಯ ನಿಜವಾದ ಅರ್ಥವನ್ನು ಉಳಿಸಿದಂತೆ ಎಂದು ತನ್ನ ಕೈಕೆಳಗಿನ ಮೇಜರ್, ಕರ್ನಲ್‌ಗಳನ್ನು ನಂಬಿಸದೆ ಒಂದು ಹೆಜ್ಜೆಯನ್ನೂ ಇಡಲಾರ. ಆದ್ದರಿಂದ ಈ ಭಾಷಣಗಳನ್ನು ಕೇವಲ ಜನರ ಕಣ್ಣಿಗೆ ಮಣ್ಣೆರಚುವ ಮಾತುಗಳೆಂದು ತಳ್ಳಿಹಾಕುವುದು ಸರಿಯಲ್ಲ. ದಂಗೆ ನಡೆಯಬೇಕಾದರೆ ಟ್ಯಾಂಕು ಎಷ್ಟು ಬೇಕೋ ಈ ಮಾತುಗಳೂ ಅಷ್ಟೇ ಬೇಕು.

ಆ ಭಾಷಣಗಳಲ್ಲಿ ಇರುವುದೇನು?

‘ಮೇರೆ ಅಜೀಜ್ ಹಮ್‌ವತನೋ’, ಅಂದರೆ ‘ನನ್ನ ಪ್ರೀತಿಯ ದೇಶಬಾಂಧವರೇ’ ಎಂಬ ಸಂಬೋಧನೆ ಪಾಕಿಸ್ತಾನದಲ್ಲಿ ಸೇನಾಡಳಿತದ ಗುರುತಾಗಿಯೇ ಉಳಿದುಬಿಟ್ಟಿದೆ. ಈ ಮೂರು ಪದ ಕಿವಿಗೆ ಬಿದ್ದರೆ ಸರ್ಕಾರ ಹೋಯಿತೆಂದೇ ಜನ ತಿಳಿಯುತ್ತಾರೆ. ಮುಂದಿನ ಮಾತುಗಳ ಕ್ರಮವೂ ಹೆಚ್ಚು ಬದಲಾಗುವುದಿಲ್ಲ. ದೇಶ ಕುಸಿತದ ಅಂಚಿನಲ್ಲಿದೆ, ರಾಜಕಾರಣಿಗಳು ಸ್ವಾರ್ಥಕ್ಕಾಗಿ ಕಚ್ಚಾಡುತ್ತಿದ್ದಾರೆ, ಸೇನೆ ಬಹಳ ಕಾಲ ತಾಳ್ಮೆಯಿಂದ ಕಾದು ನೋಡಿತು, ಬೇರೆ ದಾರಿ ಉಳಿಯಲಿಲ್ಲ, ನನಗೆ ಅಧಿಕಾರದ ಆಸೆಯಿಲ್ಲ, ಕೆಲಸ ಮುಗಿದೊಡನೆ ಬ್ಯಾರಕ್ಕಿಗೆ ಮರಳುತ್ತೇವೆ. ಈ ಸರಪಳಿಯಲ್ಲಿ ‘ಬೇರೆ ದಾರಿ ಉಳಿಯಲಿಲ್ಲ’ ಎಂಬ ಕೊಂಡಿಯೇ ಎಲ್ಲ ಭಾರವನ್ನೂ ಹೊರುವಂಥದ್ದು. ಉಳಿದ ದಾರಿಗಳು ಯಾವುವಿದ್ದವು, ಅವು ಏಕೆ ಸಾಲಲಿಲ್ಲ ಎಂಬ ವಿವರಣೆ ಈ ಮೂರು ಭಾಷಣಗಳಲ್ಲೂ ತೀರ ತೆಳುವಾಗಿದೆ.

1999ರ ಭಾಷಣವನ್ನು ಸ್ವಲ್ಪ ಹತ್ತಿರದಿಂದ ನೋಡಬಹುದು. ಅಕ್ಟೋಬರ್ 12ರ ಸಂಜೆ ಜನರಲ್ ಪರ್ವೇಜ್ ಮುಷರಫ್ ಕೊಲಂಬೊದಿಂದ ಕರಾಚಿಗೆ ಬರುವ ವಿಮಾನದಲ್ಲಿದ್ದಾಗಲೇ ಪ್ರಧಾನಿ ನವಾಜ್ ಷರೀಫ್, ಮುಷರಫ್ ಅವರನ್ನು ಸೇನಾ ಮುಖ್ಯಸ್ಥನ ಹುದ್ದೆಯಿಂದ ತೆಗೆದು, ಐಎಸ್‌ಐ ಮುಖ್ಯಸ್ಥರಾಗಿದ್ದ ಜಿಯಾವುದ್ದೀನ್ ಅವರನ್ನು ಆ ಜಾಗಕ್ಕೆ ನೇಮಿಸಿದರು. ವಿಮಾನಕ್ಕೆ ಕರಾಚಿಯಲ್ಲಿ ಇಳಿಯಲು ಅನುಮತಿ ನಿರಾಕರಿಸಲಾಯಿತು. ನೆಲದ ಮೇಲೆ ಸೇನೆಯ ಕಮಾಂಡರುಗಳು ವಿಮಾನ ನಿಲ್ದಾಣವನ್ನು ವಶಕ್ಕೆ ತೆಗೆದುಕೊಂಡ ಮೇಲೆ, ಇಂಧನ ತಳ ಮುಟ್ಟಿದ್ದ ವಿಮಾನ ಕೆಳಗಿಳಿಯಿತು. ಇತ್ತ ಇಸ್ಲಾಮಾಬಾದಿನ ಪಾಕಿಸ್ತಾನ ಟೆಲಿವಿಷನ್ ಕೇಂದ್ರದ ಗೇಟನ್ನು ಸೈನಿಕರು ಹತ್ತಿ ಒಳಗೆ ಹಾರುತ್ತಿದ್ದ ದೃಶ್ಯ ಜಗತ್ತಿಗೆಲ್ಲ ಪರಿಚಿತವಾಯಿತು. ನಡುರಾತ್ರಿ ಕಳೆದು ಬಹಳ ಹೊತ್ತಿನ ಮೇಲೆ ಮುಷರಫ್ ಕ್ಯಾಮೆರಾದ ಮುಂದೆ ಕುಳಿತರು. ಪ್ರಯಾಣದಿಂದ ನೇರವಾಗಿ ಬಂದಿದ್ದ ಅವರು ಮಾಮೂಲಿ ಉಡುಪಿನಲ್ಲಿದ್ದರು. ಕಮಾಂಡೋ ಜಾಕೆಟ್ ಒಂದನ್ನು ಬೇರೆಯವರಿಂದ ಪಡೆದು ಮೇಲೆ ಹಾಕಿಕೊಂಡೆ, ಕೆಳಗಿದ್ದ ಪ್ಯಾಂಟನ್ನು ಮೇಜು ಮರೆಮಾಡಿತು ಎಂಬ ಅರ್ಥದ ಮಾತನ್ನು ಅವರೇ ಮುಂದೆ ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡರು. ಪರಿಸ್ಥಿತಿ ಇನ್ನಷ್ಟು ಹದಗೆಡದಂತೆ ತಡೆಯಲು ಕೊನೆಯ ಉಪಾಯವಾಗಿ ಸೇನೆ ಮುಂದೆ ಬಂದಿದೆ ಎಂಬುದು ಆ ರಾತ್ರಿಯ ಮಾತಿನ ತಿರುಳು. ಐದು ದಿನಗಳ ನಂತರದ ಇನ್ನೊಂದು ಭಾಷಣದಲ್ಲಿ, ಇದು ಮಾರ್ಷಲ್ ಲಾ ಅಲ್ಲ, ಪ್ರಜಾಪ್ರಭುತ್ವದ ಕಡೆಗೆ ಹೋಗುವ ಮತ್ತೊಂದು ದಾರಿ ಎಂದರು. ಮಾರ್ಷಲ್ ಲಾ ಆಡಳಿತಗಾರ ಎಂಬ ಹಳೆಯ ಹೆಸರನ್ನು ಬಿಟ್ಟು ‘ಚೀಫ್ ಎಕ್ಸಿಕ್ಯೂಟಿವ್’ ಎಂದು ಕರೆದುಕೊಂಡರು.

ಇವರು ಮಾಡುವ ಆರೋಪಗಳು ಸುಳ್ಳೇ?

ಬಹಳಷ್ಟು ಸುಳ್ಳಲ್ಲ. ಇದನ್ನು ಮೊದಲೇ ಒಪ್ಪಿಕೊಳ್ಳದೆ ಮುಂದೆ ಹೋಗುವವರ ವಾದ ಎರಡನೇ ಪ್ರಶ್ನೆಗೇ ಮುಗ್ಗರಿಸುತ್ತದೆ.

1947ರಿಂದ 1958ರವರೆಗಿನ ಹನ್ನೊಂದು ವರ್ಷಗಳಲ್ಲಿ ಪಾಕಿಸ್ತಾನ ಏಳು ಪ್ರಧಾನಿಗಳನ್ನು ಕಂಡಿತು. ಮೊದಲ ಪ್ರಧಾನಿ ಲಿಯಾಕತ್ ಅಲಿ ಖಾನ್ 1951ರಲ್ಲಿ ರಾವಲ್ಪಿಂಡಿಯ ಸಾರ್ವಜನಿಕ ಸಭೆಯಲ್ಲಿ ಗುಂಡಿಗೆ ಬಲಿಯಾದರು. 1958ರ ಸೆಪ್ಟೆಂಬರಿನಲ್ಲಿ ಢಾಕಾದ ವಿಧಾನಸಭೆಯೊಳಗೆ ಸದಸ್ಯರು ಹೊಡೆದಾಡಿಕೊಂಡು, ಪೀಠದಲ್ಲಿದ್ದ ಉಪಸಭಾಧ್ಯಕ್ಷ ಶಾಹಿದ್ ಅಲಿ ಪೆಟ್ಟು ತಿಂದು ಆಸ್ಪತ್ರೆಯಲ್ಲಿ ತೀರಿಕೊಂಡರು. ಇಂಥ ಸುದ್ದಿಯನ್ನು ಓದಿದ ಸಾಮಾನ್ಯ ನಾಗರಿಕನಿಗೆ ಎರಡೇ ವಾರದ ನಂತರ ರೇಡಿಯೋದಲ್ಲಿ ಅಯೂಬ್ ಖಾನ್ ರಾಜಕಾರಣಿಗಳನ್ನು ಬೈದಾಗ ತಲೆದೂಗಬೇಕೆನಿಸಿದ್ದರೆ ಅವನನ್ನು ದೂರುವಂತಿಲ್ಲ. 1977ರ ಮಾರ್ಚ್ ಚುನಾವಣೆಯಲ್ಲಿ ಪ್ರಧಾನಿ ಜುಲ್ಫಿಕರ್ ಅಲಿ ಭುಟ್ಟೋ ಅವರ ಪಕ್ಷ ಅಕ್ರಮ ನಡೆಸಿತೆಂದು ವಿರೋಧ ಪಕ್ಷಗಳ ಒಕ್ಕೂಟ ಬೀದಿಗಿಳಿದದ್ದೂ, ಗೋಲಿಬಾರಿನಲ್ಲಿ ಜನ ಸತ್ತದ್ದೂ ಸತ್ಯವೇ. 1999ರಲ್ಲಿ ಷರೀಫ್ ಸರ್ಕಾರ ಅಧಿಕಾರವನ್ನೆಲ್ಲ ತನ್ನಲ್ಲೇ ಕ್ರೋಡೀಕರಿಸಿಕೊಳ್ಳುತ್ತಿತ್ತು ಎಂಬ ಆರೋಪಕ್ಕೂ ಆಧಾರವಿತ್ತು. ಎರಡು ವರ್ಷ ಹಿಂದೆ ಆಳುವ ಪಕ್ಷದ ಬೆಂಬಲಿಗರು ಸುಪ್ರೀಂ ಕೋರ್ಟಿನ ಆವರಣಕ್ಕೇ ನುಗ್ಗಿದ್ದರು.

ಆದರೆ ದೂರು ನಿಜವಾಗಿದ್ದ ಮಾತ್ರಕ್ಕೆ ಪರಿಹಾರ ನ್ಯಾಯವಾಗುವುದಿಲ್ಲ. ಮನೆಯ ಯಜಮಾನ ದುಂದುಗಾರ ಎಂಬುದು ಕಾವಲುಗಾರನಿಗೆ ಮನೆಯ ಪತ್ರವನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳುವ ಹಕ್ಕನ್ನು ಕೊಡುತ್ತದೆಯೇ? ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂದು ನಾವು ಹೇಳುವುದು ಇಂಥದಕ್ಕೇ.

ನಿಜಕ್ಕೂ ಬೇರೆ ದಾರಿ ಇರಲಿಲ್ಲವೇ?

ಇತ್ತು. ಅದನ್ನು ತೋರಿಸಲು ಪಂಚಾಂಗವೊಂದೇ ಸಾಕು.

1956ರ ಸಂವಿಧಾನದ ಅಡಿಯಲ್ಲಿ ದೇಶದ ಮೊದಲ ಸಾರ್ವತ್ರಿಕ ಚುನಾವಣೆ 1959ರ ಆರಂಭಕ್ಕೆ ನಿಗದಿಯಾಗಿತ್ತು. ರಾಜಕಾರಣಿಗಳು ಕೆಟ್ಟವರಾಗಿದ್ದರೆ ಅವರನ್ನು ಮನೆಗೆ ಕಳಿಸುವ ಅವಕಾಶ ಜನರಿಗೆ ಕೆಲವೇ ತಿಂಗಳ ದೂರದಲ್ಲಿತ್ತು. ಅಧ್ಯಕ್ಷ ಇಸ್ಕಂದರ್ ಮಿರ್ಜಾ 1958ರ ಅಕ್ಟೋಬರ್ 7ರ ರಾತ್ರಿ ಸಂವಿಧಾನವನ್ನೇ ರದ್ದು ಮಾಡಿ, ಅಯೂಬರನ್ನು ಮುಖ್ಯ ಮಾರ್ಷಲ್ ಲಾ ಆಡಳಿತಗಾರರನ್ನಾಗಿ ನೇಮಿಸಿದಾಗ ಮೊದಲು ಹೋದದ್ದು ಆ ಚುನಾವಣೆ. ಏಳು ಪ್ರಧಾನಿಗಳು ಬದಲಾದದ್ದನ್ನು ದೂರುವವರು, ಆ ಬದಲಾವಣೆಗಳಲ್ಲಿ ಹಲವನ್ನು ಮಾಡಿಸಿದವರು ಗವರ್ನರ್ ಜನರಲ್ ಗುಲಾಂ ಮೊಹಮ್ಮದ್ ಮತ್ತು ಇದೇ ಮಿರ್ಜಾ ಎಂಬುದನ್ನು ಹೇಳಲಿಲ್ಲ. ಇಬ್ಬರೂ ಅಧಿಕಾರಿ ವರ್ಗದಿಂದ ಬಂದವರು, ಜನರಿಂದ ಆಯ್ಕೆಯಾದವರಲ್ಲ.

ಅಯೂಬರ ವಿಚಾರದಲ್ಲಿ ಇನ್ನೊಂದು ದಿನಾಂಕವಿದೆ. 1954ರ ಅಕ್ಟೋಬರ್ 4ರಂದು, ಲಂಡನ್ನಿನ ಹೋಟೆಲೊಂದರಲ್ಲಿ ತಂಗಿದ್ದಾಗ, ಪಾಕಿಸ್ತಾನದ ಆಡಳಿತ ಹೇಗಿರಬೇಕು ಎಂಬ ಬಗ್ಗೆ ಅವರು ಒಂದು ಟಿಪ್ಪಣಿ ಬರೆದಿಟ್ಟರು. ಜನರ ಗುಣಸ್ವಭಾವಕ್ಕೆ ಹೊಂದುವ, ಹಿಡಿತವುಳ್ಳ ಪ್ರಜಾಪ್ರಭುತ್ವ ಬೇಕು ಎಂಬುದು ಅದರ ಆಶಯ. ಅದನ್ನು ಅವರು ಮುಂದೆ ಹೆಮ್ಮೆಯಿಂದಲೇ ಪ್ರಕಟಿಸಿದರು. ಅದೇ ತಿಂಗಳು ಅವರು ಸೇನಾ ಮುಖ್ಯಸ್ಥರಾಗಿದ್ದುಕೊಂಡೇ ರಕ್ಷಣಾ ಮಂತ್ರಿಯೂ ಆದರು. 1958ರಲ್ಲಿ ಹಠಾತ್ತಾಗಿ ಎದುರಾದ ಅನಿವಾರ್ಯತೆಯೆಂದು ಹೇಳಲಾದ ಕ್ರಮದ ಕರಡು ನಾಲ್ಕು ವರ್ಷ ಮೊದಲೇ ಸಿದ್ಧವಿತ್ತು ಎಂದಾಗ ‘ಅನಿವಾರ್ಯ’ ಎಂಬ ಪದಕ್ಕೆ ಉಳಿಯುವ ಅರ್ಥವೇನು?

1977ರಲ್ಲಿ ಭುಟ್ಟೋ ಮತ್ತು ವಿರೋಧ ಪಕ್ಷಗಳ ನಡುವೆ ವಾರಗಟ್ಟಲೆ ಮಾತುಕತೆ ನಡೆದಿತ್ತು. ಮರುಚುನಾವಣೆಯ ಬಗ್ಗೆ ಒಪ್ಪಂದ ಬಹುಮಟ್ಟಿಗೆ ಮುಗಿದಿತ್ತು ಎಂದು ಮಾತುಕತೆಯಲ್ಲಿ ಎರಡೂ ಕಡೆಯಿಂದ ಕುಳಿತವರು ನಂತರ ಬರೆದಿದ್ದಾರೆ. ಜುಲೈ 5ರ ಬೆಳಗಿನ ಜಾವ ಜನರಲ್ ಜಿಯಾ ಉಲ್ ಹಕ್ ಅಧಿಕಾರ ಹಿಡಿದ ಕಾರ್ಯಾಚರಣೆಗೆ ‘ಫೇರ್ ಪ್ಲೇ’ ಎಂಬ ಹೆಸರು ಕೊಡಲಾಗಿತ್ತು. ರಾಜಕಾರಣಿಗಳು ಒಮ್ಮತಕ್ಕೆ ಬರಲಾರದ್ದರಿಂದ ಉಂಟಾದ ಶೂನ್ಯವನ್ನು ತುಂಬಲು ಬಂದೆ ಎಂಬುದು ಅವರ ಸಮರ್ಥನೆ. ಒಮ್ಮತ ಬಾಗಿಲಿಗೆ ಬಂದಿದ್ದ ಹೊತ್ತಿನಲ್ಲಿ ಹೇಳಿದ ಮಾತು ಅದು.

ಬೇಗ ಚುನಾವಣೆ ನಡೆಸಿ ಹಿಂದಿರುಗುತ್ತೇವೆ ಎಂಬ ಮಾತು ಏನಾಯಿತು?

ಜಿಯಾ ಅಕ್ಟೋಬರಿನಲ್ಲಿ, ಅಂದರೆ ಸುಮಾರು 90 ದಿನಗಳಲ್ಲಿ, ಮುಕ್ತ ಚುನಾವಣೆ ನಡೆಸುವುದೊಂದೇ ತನ್ನ ಗುರಿ, ತನಗೆ ರಾಜಕೀಯ ಆಕಾಂಕ್ಷೆಯಿಲ್ಲ ಎಂದು ಘೋಷಿಸಿದರು. ಚುನಾವಣೆ ಹತ್ತಿರವಾಗುತ್ತಿದ್ದಂತೆ ಭುಟ್ಟೋ ಅವರ ಸಭೆಗಳಿಗೆ ಜನಸಾಗರ ಸೇರತೊಡಗಿತು. ಆಗ ಚುನಾವಣೆಗಿಂತ ಮೊದಲು ಲೆಕ್ಕ ಚುಕ್ತಾ ಆಗಬೇಕು, ಹಿಂದಿನವರ ತಪ್ಪುಗಳ ವಿಚಾರಣೆ ನಡೆಯಬೇಕು ಎಂಬ ಹೊಸ ಸಮರ್ಥನೆ ಹುಟ್ಟಿತು, ಚುನಾವಣೆ ಮುಂದಕ್ಕೆ ಹೋಯಿತು. 1979ರ ಏಪ್ರಿಲ್ 4ರಂದು ಭುಟ್ಟೋ ಅವರನ್ನು ರಾವಲ್ಪಿಂಡಿಯ ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. ಅದೇ ವರ್ಷಕ್ಕೆ ನಿಗದಿಯಾಗಿದ್ದ ಚುನಾವಣೆಯೂ ರದ್ದಾಯಿತು. ಆ ಹೊತ್ತಿಗೆ ಸಮರ್ಥನೆ ಮತ್ತೊಮ್ಮೆ ಬದಲಾಗಿ, ದೇಶವನ್ನು ಇಸ್ಲಾಮೀಕರಣಗೊಳಿಸುವುದೇ ಸೇನಾಡಳಿತದ ಉದ್ದೇಶವೆಂದಾಯಿತು. 90 ದಿನಕ್ಕೆಂದು ಬಂದವರು 1988ರ ಆಗಸ್ಟ್ 17ರಂದು ಬಹಾವಲ್ಪುರದ ಬಳಿ ವಿಮಾನ ಅಪಘಾತದಲ್ಲಿ ಸಾಯುವವರೆಗೆ ಹನ್ನೊಂದು ವರ್ಷ ಆಳಿದರು. ಭುಟ್ಟೋ ಅವರಿಗೆ ನ್ಯಾಯಯುತ ವಿಚಾರಣೆ ಸಿಗಲಿಲ್ಲವೆಂದು ಪಾಕಿಸ್ತಾನದ ಸುಪ್ರೀಂ ಕೋರ್ಟ್ ಅಭಿಪ್ರಾಯಪಟ್ಟದ್ದು 2024ರ ಮಾರ್ಚಿನಲ್ಲಿ, 45 ವರ್ಷ ಕಳೆದ ಮೇಲೆ.

ಮೂವರ ಸಮರ್ಥನೆಗಳಲ್ಲಿ ನನಗೆ ಅತ್ಯಂತ ನೋವು ತರುವುದು ಇದು. ಗಡುವು ಹೇಳುವುದು ಜನರಿಗೆ ಕೊಡುವ ವಚನ. ಆ ವಚನವನ್ನು ನಂಬಿ ಸುಮ್ಮನಿದ್ದವರ ಮೌನವನ್ನೇ ಮುಂದೆ ಒಪ್ಪಿಗೆಯೆಂದು ಲೆಕ್ಕ ಹಾಕಲಾಯಿತು. ಮುಷರಫ್ ಕೂಡ 2004ರ ಕೊನೆಯೊಳಗೆ ಸಮವಸ್ತ್ರ ಕಳಚುವುದಾಗಿ ಹೇಳಿ, ಅದನ್ನು ಕಳಚಿದ್ದು 2007ರ ನವೆಂಬರ್ 28ರಂದು.

ನ್ಯಾಯಾಲಯಗಳು ಇದನ್ನು ಹೇಗೆ ಒಪ್ಪಿದವು?

ಈ ಪ್ರಶ್ನೆಗೆ ಉತ್ತರ ಉದ್ದವಾಗುತ್ತದೆ, ಏಕೆಂದರೆ ಸೇನಾಧಿಕಾರಿಯ ಮಾತು ಕಾನೂನಾಗಿ ಗಟ್ಟಿಯಾದದ್ದು ಇಲ್ಲಿಯೇ.

ಬೀಜ ಬಿದ್ದದ್ದು ಸೇನಾಡಳಿತಕ್ಕಿಂತ ಮೊದಲೇ. 1954ರ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಸಂವಿಧಾನ ರಚನಾ ಸಭೆಯನ್ನೇ ವಿಸರ್ಜಿಸಿದಾಗ ಸಭೆಯ ಅಧ್ಯಕ್ಷ ಮೌಲ್ವಿ ತಮೀಜುದ್ದೀನ್ ಖಾನ್ ನ್ಯಾಯಾಲಯಕ್ಕೆ ಹೋದರು. ಸಿಂಧ್‌ನ ಮುಖ್ಯ ನ್ಯಾಯಾಲಯ ಅವರ ಪರವಾಗಿ ತೀರ್ಪಿತ್ತರೂ ಮುಖ್ಯ ನ್ಯಾಯಮೂರ್ತಿ ಮೊಹಮ್ಮದ್ ಮುನೀರ್ ಅವರ ಫೆಡರಲ್ ಕೋರ್ಟ್ 1955ರಲ್ಲಿ ಅದನ್ನು ತಳ್ಳಿಹಾಕಿತು. ಅದರಿಂದ ಹುಟ್ಟಿದ ಕಾನೂನಿನ ಗೋಜಲನ್ನು ಬಿಡಿಸಲು ಅದೇ ವರ್ಷ ಅದು ‘ಅನಿವಾರ್ಯತೆಯ ಸಿದ್ಧಾಂತ’ವನ್ನು ಆಶ್ರಯಿಸಿತು. ಬೇರೆ ಸಮಯದಲ್ಲಿ ಕಾನೂನುಬಾಹಿರವಾದದ್ದು ಅನಿವಾರ್ಯತೆಯಿಂದ ಕಾನೂನುಬದ್ಧವಾಗುತ್ತದೆ ಎಂಬ ಮಧ್ಯಯುಗದ ಇಂಗ್ಲಿಷ್ ಸೂತ್ರ ಅದಕ್ಕೆ ಆಧಾರ.

1958ರಲ್ಲಿ ದೋಸ್ಸೋ ಮೊಕದ್ದಮೆ ಬಂದಿತು. ಇದೇ ಮುನೀರ್ ಅವರು ಹಾನ್ಸ್ ಕೆಲ್ಸನ್ ಎಂಬ ಆಸ್ಟ್ರಿಯಾ ಮೂಲದ ಕಾನೂನು ತತ್ವಜ್ಞನ ವಿಚಾರವನ್ನು ಎತ್ತಿಕೊಂಡು, ಯಶಸ್ವಿಯಾದ ಕ್ರಾಂತಿ ತಾನೇ ಹೊಸ ಕಾನೂನಿನ ಮೂಲವಾಗುತ್ತದೆ ಎಂದು ತೀರ್ಪು ಕೊಟ್ಟರು. ಗೆದ್ದರೆ ಅದು ಕಾನೂನು, ಸೋತರೆ ದ್ರೋಹ. ತೀರ್ಪು ಹೊರಬಿದ್ದ ದಿನ ಅಕ್ಟೋಬರ್ 27. ಅದೇ ರಾತ್ರಿ ಅಯೂಬರು ಕಳಿಸಿದ ಮೂವರು ಜನರಲ್‌ಗಳು ಅಧ್ಯಕ್ಷ ಮಿರ್ಜಾ ಅವರ ನಿವಾಸಕ್ಕೆ ಹೋಗಿ ರಾಜೀನಾಮೆ ಬರೆಸಿಕೊಂಡರು. ಇಪ್ಪತ್ತು ದಿನ ಹಿಂದೆ ಸಂವಿಧಾನ ರದ್ದು ಮಾಡಿದ ವ್ಯಕ್ತಿ ತನ್ನ ರಕ್ಷಣೆಗೆಂದು ತೋರಿಸಬಹುದಾದ ಸಂವಿಧಾನವೇ ಉಳಿದಿರಲಿಲ್ಲ. ಅವರು ದೇಶ ಬಿಟ್ಟು ಲಂಡನ್ನಿಗೆ ಹೋದರು, ಅಲ್ಲೇ 1969ರಲ್ಲಿ ತೀರಿಕೊಂಡರು.

1972ರ ಅಸ್ಮಾ ಜಿಲಾನಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ದೋಸ್ಸೋ ತೀರ್ಪನ್ನು ತಪ್ಪೆಂದು ಸಾರಿ, 1969ರಲ್ಲಿ ಅಯೂಬರ ನಂತರ ಅಧಿಕಾರಕ್ಕೆ ಬಂದ ಜನರಲ್ ಯಾಹ್ಯಾ ಖಾನ್ ಅವರನ್ನು ಅಧಿಕಾರ ಕಬಳಿಸಿದವನೆಂದು ಕರೆಯಿತು. ತೀರ್ಪು ಧೀರವಾದದ್ದೇ. ಆದರೆ ಅದು ಬರುವ ಹೊತ್ತಿಗೆ ಯಾಹ್ಯಾ ಅಧಿಕಾರ ಕಳೆದುಕೊಂಡು ತಿಂಗಳುಗಳಾಗಿದ್ದವು. ಕುರ್ಚಿಯಲ್ಲಿ ಕುಳಿತಿರುವ ಜನರಲ್‌ಗೆ ನ್ಯಾಯಾಲಯ ಇದೇ ಮಾತನ್ನು ಹೇಳುತ್ತದೆಯೇ ಎಂಬ ಪರೀಕ್ಷೆ ಐದು ವರ್ಷಗಳಲ್ಲೇ ಎದುರಾಯಿತು. ಭುಟ್ಟೋ ಅವರ ಪತ್ನಿ ಬೇಗಂ ನುಸ್ರತ್ ಭುಟ್ಟೋ ಹೂಡಿದ ಮೊಕದ್ದಮೆಯ 1977ರ ನವೆಂಬರಿನ ತೀರ್ಪಿನಲ್ಲಿ ಮುಖ್ಯ ನ್ಯಾಯಮೂರ್ತಿ ಅನ್ವರುಲ್ ಹಕ್ ಅವರ ಪೀಠ ಜಿಯಾ ಅವರ ಕ್ರಮವನ್ನು ‘ಅನಿವಾರ್ಯತೆ’ಯ ಹೆಸರಿನಲ್ಲಿ ಎತ್ತಿಹಿಡಿಯಿತು. ಸಂವಿಧಾನ ತಿದ್ದುವ ಅಧಿಕಾರವನ್ನೂ ಜೊತೆಗೇ ಕೊಟ್ಟಿತು. 2000ರ ಮೇ ತಿಂಗಳ ಜಫರ್ ಅಲಿ ಷಾ ತೀರ್ಪು ಮುಷರಫ್ ಅವರಿಗೂ ಅದನ್ನೇ ಕೊಟ್ಟು, ಚುನಾವಣೆಗೆ ಮೂರು ವರ್ಷದ ಗಡುವು ಹಾಕಿತು. ಚುನಾವಣೆಯನ್ನು ಮಾಡಿ ತೋರಿಸಬೇಕಾದವರು ಸಂವಿಧಾನ ತಿದ್ದುವ ಹಕ್ಕನ್ನೂ ಪಡೆದ ಮೇಲೆ ಆ ಗಡುವಿನ ತೂಕ ಎಷ್ಟು ಎಂಬುದನ್ನು 2002ರ ಚುನಾವಣೆಯ ನಂತರವೂ ಅವರೇ ಅಧ್ಯಕ್ಷರಾಗಿ, ಸೇನಾ ಮುಖ್ಯಸ್ಥರಾಗಿ ಉಳಿದದ್ದು ತೋರಿಸಿತು.

‘ರದ್ದು’ ಮಾಡಿಲ್ಲ, ‘ತಡೆಹಿಡಿದಿದ್ದೇವೆ’ ಎಂಬ ಮಾತಿನ ಅರ್ಥವೇನು?

1973ರ ಸಂವಿಧಾನದ 6ನೇ ವಿಧಿ, ಬಲಪ್ರಯೋಗದಿಂದ ಸಂವಿಧಾನವನ್ನು ರದ್ದುಗೊಳಿಸುವುದು ಘೋರ ರಾಜದ್ರೋಹವೆಂದು ಹೇಳಿತು. ಅದರ ಶಿಕ್ಷೆ ಮರಣದಂಡನೆ ಅಥವಾ ಜೀವಾವಧಿ ಸೆರೆವಾಸ. ಹಾಗಾಗಿ ಜಿಯಾ ಮತ್ತು ಮುಷರಫ್ ಇಬ್ಬರೂ ಸಂವಿಧಾನ ರದ್ದಾಗಿಲ್ಲ, ಅದನ್ನು ಸದ್ಯಕ್ಕೆ ತಡೆಹಿಡಿಯಲಾಗಿದೆ ಎಂದರು. ವಕೀಲರ ಸಲಹೆಯಿಂದ ಆರಿಸಿದ ಪದ ಅದು. 2010ರ 18ನೇ ತಿದ್ದುಪಡಿ ‘ತಡೆಹಿಡಿಯುವುದು’ ಎಂಬುದನ್ನೂ ದ್ರೋಹದ ವ್ಯಾಖ್ಯೆಗೆ ಸೇರಿಸಿ, ಅಂಥ ಕೃತ್ಯವನ್ನು ಸುಪ್ರೀಂ ಕೋರ್ಟ್ ಸೇರಿದಂತೆ ಯಾವ ನ್ಯಾಯಾಲಯವೂ ಊರ್ಜಿತಗೊಳಿಸುವಂತಿಲ್ಲ ಎಂದು ಬರೆಯಿತು. ಒಂದು ದೇಶ ತನ್ನ ನ್ಯಾಯಾಲಯಗಳಿಗೆ ಹೀಗೆ ಸಂವಿಧಾನದಲ್ಲೇ ಕಟ್ಟುಹಾಕಬೇಕಾಗಿ ಬಂದದ್ದು ಹಿಂದಿನ ಅರ್ಧ ಶತಮಾನದ ಅನುಭವದಿಂದ.

ಜನ ಸ್ವಾಗತಿಸಿದರಲ್ಲ, ಸಿಹಿ ಹಂಚಿದರಲ್ಲ?

ಹೌದು, 1999ರಲ್ಲಿ ಹಲವು ಊರುಗಳಲ್ಲಿ ಮಿಠಾಯಿ ಹಂಚಿದರು. 1958ರಲ್ಲೂ ನೆಮ್ಮದಿಯ ನಿಟ್ಟುಸಿರು ಬಿಟ್ಟವರಿದ್ದರು, ಅಂಗಡಿಗಳಲ್ಲಿ ದರಪಟ್ಟಿ ಕಾಣಿಸಿಕೊಂಡಿತು, ಕಾಳಸಂತೆಯವರು ಹೆದರಿದರು. ಇದಕ್ಕೂ ಹಿಂದೆ, 1953ರಲ್ಲಿ ಗಲಭೆ ಹತ್ತಿಕ್ಕಲೆಂದು ಲಾಹೋರಿನಲ್ಲಿ ಮಾರ್ಷಲ್ ಲಾ ಹೇರಿದಾಗ ಸೇನೆ ಗಲಭೆ ನಿಂತೊಡನೆ ಹೊರಟುಹೋಗದೆ ನಗರದ ಸ್ವಚ್ಛತೆಯ ಕೆಲಸಕ್ಕೂ ಕೈಹಾಕಿತು. ಬೀದಿಗಳು ಚೊಕ್ಕಟವಾದವು. ಸಿಪಾಯಿಗೆ ಆಗುವುದು ಮಂತ್ರಿಗೆ ಆಗುವುದಿಲ್ಲ ಎಂಬ ಭಾವನೆ ಜನರ ಮನಸ್ಸಿನಲ್ಲೂ, ಅದಕ್ಕಿಂತ ಹೆಚ್ಚಾಗಿ ಅಧಿಕಾರಿಗಳ ಮನಸ್ಸಿನಲ್ಲೂ ಬೇರೂರಲು ಅದು ನೆರವಾಯಿತು. ಆದರೆ ಬಂದಾಗಿನ ಸಂತೋಷ ಎಷ್ಟು ದಿನ ಬಾಳಿತು ಎಂದು ಕೇಳುವ ಹಕ್ಕು ನಮಗಿದೆ. ಅಯೂಬರನ್ನು 1969ರಲ್ಲಿ ಇಳಿಸಿದ್ದು ವಿದ್ಯಾರ್ಥಿಗಳೂ ಕಾರ್ಮಿಕರೂ ಬೀದಿಗಿಳಿದ ಚಳವಳಿ. ಮುಷರಫ್ ಅವರ ಅಡಿಪಾಯವನ್ನು 2007ರಲ್ಲಿ ಅಲುಗಾಡಿಸಿದ್ದು ಕರಿ ಕೋಟು ತೊಟ್ಟ ವಕೀಲರ ಹೋರಾಟ.

ಜನಮತಗಣನೆ ನಡೆಸಿ ಒಪ್ಪಿಗೆ ಪಡೆದರಲ್ಲವೇ?

ಅಯೂಬರು 1960ರಲ್ಲಿ, ‘ಮೂಲ ಪ್ರಜಾಪ್ರಭುತ್ವ’ ಎಂಬ ತಮ್ಮದೇ ವ್ಯವಸ್ಥೆಯಲ್ಲಿ ಆರಿಸಿಬಂದ ಸುಮಾರು 80,000 ಸ್ಥಳೀಯ ಸದಸ್ಯರಿಂದ ವಿಶ್ವಾಸಮತ ಕೇಳಿದರು, ಶೇ 95ಕ್ಕೂ ಹೆಚ್ಚು ಮತ ಬಂದಿತು. 1984ರಲ್ಲಿ ಜಿಯಾ ಕೇಳಿದ ಪ್ರಶ್ನೆ ದೇಶದ ಕಾನೂನುಗಳನ್ನು ಇಸ್ಲಾಮಿಗೆ ಅನುಗುಣವಾಗಿ ರೂಪಿಸುವುದಕ್ಕೆ ಒಪ್ಪುತ್ತೀರಾ ಎಂಬರ್ಥದ್ದು. ಹೌದು ಎಂದವರೆಲ್ಲ ಅವರನ್ನು ಐದು ವರ್ಷಕ್ಕೆ ಅಧ್ಯಕ್ಷರನ್ನಾಗಿ ಆರಿಸಿದಂತೆ ಎಂದು ಲೆಕ್ಕ. ಧರ್ಮ ಬೇಡವೆಂದು ಬರೆಯಲು ಯಾವ ಶ್ರದ್ಧಾವಂತ ತಾನೇ ಮುಂದಾಗುತ್ತಾನೆ? ಮುಷರಫ್ ಅವರ 2002ರ ಜನಮತಗಣನೆಯಲ್ಲೂ ಎದುರಾಳಿ ಅಭ್ಯರ್ಥಿ ಇರಲಿಲ್ಲ.

ಸೇನಾಡಳಿತದಲ್ಲಿ ಆರ್ಥಿಕ ಪ್ರಗತಿ ಆಯಿತೆಂಬುದು ಸಮರ್ಥನೆಯಾಗುವುದಿಲ್ಲವೇ?

ಅಯೂಬರ ಕಾಲದಲ್ಲಿ ಕೈಗಾರಿಕೆ ವೇಗವಾಗಿ ಬೆಳೆಯಿತು, ಮಂಗ್ಲಾ ಅಣೆಕಟ್ಟು ಕಟ್ಟಿದರು, 1968ರಲ್ಲಿ ‘ಪ್ರಗತಿಯ ದಶಕ’ ಎಂದು ಸಂಭ್ರಮಿಸಿದರು. ಅದೇ ವರ್ಷ ಯೋಜನಾ ಆಯೋಗದ ಮುಖ್ಯ ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್, ದೇಶದ ಕೈಗಾರಿಕಾ ಸಂಪತ್ತಿನ ಮೂರನೇ ಎರಡು ಭಾಗ 22 ಕುಟುಂಬಗಳ ಹಿಡಿತದಲ್ಲಿದೆ ಎಂದು ಹೇಳಿದರು. ಇದಕ್ಕಿಂತ ಗಂಭೀರವಾದದ್ದು ಪೂರ್ವ ಪಾಕಿಸ್ತಾನದ ಸ್ಥಿತಿ. ದೇಶದ ಅರ್ಧಕ್ಕಿಂತ ಹೆಚ್ಚು ಜನ ಅಲ್ಲಿದ್ದರು. ಸೇನೆಯ ಅಧಿಕಾರಿ ವರ್ಗದಲ್ಲಿ ಬಂಗಾಳಿಗಳು ಬೆರಳೆಣಿಕೆಯಷ್ಟು. ಸಂಸತ್ತು ಎಷ್ಟೇ ಜಗಳಗಂಟಿಯಾಗಿದ್ದರೂ ಬಂಗಾಳಿಗೆ ಅಲ್ಲಿ ಕುರ್ಚಿಯಿತ್ತು, ಸೇನಾ ಕೇಂದ್ರ ಕಚೇರಿಯಲ್ಲಿ ಇರಲಿಲ್ಲ. ದೇಶವನ್ನು ಒಡೆಯದಂತೆ ಉಳಿಸುತ್ತೇವೆ ಎಂದು ಬಂದ ಸೇನಾಡಳಿತದ ಹದಿಮೂರನೇ ವರ್ಷದಲ್ಲಿ, 1970ರ ಚುನಾವಣೆಯ ಬಹುಮತವನ್ನು ಮಾನ್ಯ ಮಾಡದೆ ಢಾಕಾದ ಮೇಲೆ ಸೇನೆಯನ್ನು ಬಿಟ್ಟ ಪರಿಣಾಮವಾಗಿ, ದೇಶ ಒಡೆಯಿತು. ಸತ್ತವರ, ಮನೆಮಠ ಬಿಟ್ಟು ಓಡಿದವರ ಸಂಖ್ಯೆಯ ಮುಂದೆ ಯಾವ ಅಣೆಕಟ್ಟನ್ನು ತೂಗಿ ಸಮ ಮಾಡುವುದು?

ಹಾಗಾದರೆ ಸೇನಾಧಿಕಾರಿಗಳ ದಂಗೆ ಎಂದೂ ಸರಿಯಾಗಲಾರದೇ?

ಪೋರ್ಚುಗಲ್ಲಿನ ಉದಾಹರಣೆಯನ್ನು ಎದುರಿಗಿಟ್ಟುಕೊಂಡೇ ಉತ್ತರಿಸಬೇಕು. 1974ರ ಏಪ್ರಿಲ್ 25ರಂದು ಅಲ್ಲಿನ ಕಿರಿಯ ಅಧಿಕಾರಿಗಳು ದಶಕಗಳ ಸರ್ವಾಧಿಕಾರವನ್ನು ಕೆಡವಿದರು, ಜನ ಬಂದೂಕಿನ ನಳಿಕೆಗೆ ಕಾರ್ನೇಷನ್ ಹೂ ಸಿಕ್ಕಿಸಿದರು. ನಡುವೆ ಬಹಳ ಗೊಂದಲಗಳಾದರೂ ಸರಿಯಾಗಿ ಒಂದು ವರ್ಷಕ್ಕೆ, 1975ರ ಅದೇ ದಿನಾಂಕದಂದು, ಸಂವಿಧಾನ ಸಭೆಗೆ ಚುನಾವಣೆ ನಡೆಯಿತು. ಅಲ್ಲಿ ಬಿದ್ದದ್ದು ಜನ ಮತದಿಂದ ಇಳಿಸಲು ಸಾಧ್ಯವೇ ಇಲ್ಲದಿದ್ದ ಸರ್ಕಾರ. ಪಾಕಿಸ್ತಾನದಲ್ಲಿ 1958ರಲ್ಲಿ ಬಿದ್ದದ್ದು ಕೆಲವೇ ತಿಂಗಳಲ್ಲಿ ಜನರ ಮುಂದೆ ಹೋಗಬೇಕಿದ್ದ ವ್ಯವಸ್ಥೆ. ನನ್ನ ದೃಷ್ಟಿಯಲ್ಲಿ ವ್ಯತ್ಯಾಸ ಇಲ್ಲಿದೆ. ಮ್ಯಾನ್ಮಾರ್ ಸೇನೆ 2021ರ ಫೆಬ್ರುವರಿ 1ರಂದು ಮತದಾರರ ಪಟ್ಟಿಯ ಅಕ್ರಮವನ್ನು ಕಾರಣವಾಗಿ ಹೇಳಿ, ಒಂದು ವರ್ಷದ ತುರ್ತುಪರಿಸ್ಥಿತಿ ಎಂದು ಆರಂಭಿಸಿ ಅದನ್ನು ಮತ್ತೆ ಮತ್ತೆ ಬೆಳೆಸುತ್ತಾ ಹೋದದ್ದು ಪಾಕಿಸ್ತಾನದ ಸಾಲಿಗೆ ಸೇರುತ್ತದೆ, ಪೋರ್ಚುಗಲ್ಲಿನ ಸಾಲಿಗಲ್ಲ.

ಒಂದೇ ಬ್ರಿಟಿಷ್ ಇಂಡಿಯನ್ ಸೇನೆಯಿಂದ ಬಂದ ಭಾರತದ ಸೇನೆ ಏಕೆ ಹಾಗಾಗಲಿಲ್ಲ?

ಕನ್ನಡದ ಓದುಗರು ಇದನ್ನು ಕೇಳದೆ ಬಿಡುವುದಿಲ್ಲ, ಏಕೆಂದರೆ ಆ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕ ಕೆ.ಎಂ. ಕಾರ್ಯಪ್ಪ ಕೊಡಗಿನವರು, ಮುಂದೆ ಸೇನಾ ಮುಖ್ಯಸ್ಥರಾದ ಕೆ.ಎಸ್. ತಿಮ್ಮಯ್ಯನವರೂ ಕೊಡಗಿನವರೇ. ತಿಮ್ಮಯ್ಯ ಮತ್ತು ಅಯೂಬ್ ಇಬ್ಬರೂ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಲ್ಲೇ ತರಬೇತಿ ಪಡೆದವರು. ಅಯೂಬ್ ಅಧಿಕಾರ ಹಿಡಿದು ಒಂದು ವರ್ಷವೂ ಆಗಿರದ 1959ರ ಆಗಸ್ಟ್ ಕೊನೆಯಲ್ಲಿ, ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಅವರ ವರ್ತನೆಯಿಂದ ಬೇಸತ್ತ ತಿಮ್ಮಯ್ಯ ತಮ್ಮ ಅಸಮಾಧಾನವನ್ನು ತೋರಿಸಿದ ಬಗೆ ಒಂದು ರಾಜೀನಾಮೆ ಪತ್ರ. ನೆಹರೂ ಕೇಳಿಕೊಂಡಾಗ ಅದನ್ನು ಹಿಂದಕ್ಕೆ ಪಡೆದರು. ನಾಗರಿಕ ಆಡಳಿತವೇ ಮೇಲು ಎಂದು ನೆಹರೂ ಸಂಸತ್ತಿನಲ್ಲಿ ಹೇಳಿದ ಮಾತು ಆ ಜನರಲ್‌ಗೆ ಕಹಿಯಾಗಿಯೇ ಇದ್ದಿರಬೇಕು, ಅವರು ಅದನ್ನು ನುಂಗಿಕೊಂಡರು.

ಇದನ್ನು ವ್ಯಕ್ತಿಗಳ ಒಳ್ಳೆಯತನಕ್ಕೆ ಮಾತ್ರ ಕಟ್ಟಬಾರದು. ಭಾರತದಲ್ಲಿ ಸಂವಿಧಾನ 1950ರಲ್ಲೇ ಬಂದಿತು, 1952ರ ಹೊತ್ತಿಗೆ ಸಾರ್ವತ್ರಿಕ ಚುನಾವಣೆ ಮುಗಿದಿತ್ತು. ಕಾಂಗ್ರೆಸ್ಸಿಗೆ ಹಳ್ಳಿಹಳ್ಳಿಯಲ್ಲಿ ಸಂಘಟನೆಯಿತ್ತು. ಮೂರೂ ಪಡೆಗಳ ಮುಖ್ಯಸ್ಥರನ್ನು ಸಮಾನವಾಗಿರಿಸಿ, ಮಹಾದಂಡನಾಯಕನೆಂಬ ಹುದ್ದೆಯನ್ನು 1955ರಲ್ಲಿ ತೆಗೆಯಲಾಯಿತು. ಪಾಕಿಸ್ತಾನಕ್ಕೆ ಸಂವಿಧಾನ ಬರುವುದಕ್ಕೇ 1956 ಆಯಿತು. ಅವಿಭಜಿತ ಸೇನೆಯ ಸುಮಾರು ಮೂರನೇ ಒಂದು ಭಾಗವಾದರೋ ಮೊದಲ ದಿನದಿಂದಲೇ ಅದರ ಪಾಲಿಗಿತ್ತು.

ಯಾರಿಗಾದರೂ ಶಿಕ್ಷೆಯಾಯಿತೇ?

2019ರ ಡಿಸೆಂಬರ್ 17ರಂದು ವಿಶೇಷ ನ್ಯಾಯಾಲಯ ಮುಷರಫ್ ಅವರಿಗೆ ಘೋರ ರಾಜದ್ರೋಹಕ್ಕಾಗಿ ಮರಣದಂಡನೆ ವಿಧಿಸಿತು. ಅವರು ಆಗ ದುಬೈನಲ್ಲಿದ್ದರು, 2023ರ ಫೆಬ್ರುವರಿಯಲ್ಲಿ ಅಲ್ಲೇ ತೀರಿಕೊಂಡರು. ನಡುವೆ ಲಾಹೋರ್ ಹೈಕೋರ್ಟ್ ಆ ವಿಶೇಷ ನ್ಯಾಯಾಲಯದ ರಚನೆಯೇ ಸರಿಯಿಲ್ಲವೆಂದಿತ್ತು. 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ಎತ್ತಿಹಿಡಿಯಿತು. ಶಿಕ್ಷೆ ಬಿದ್ದದ್ದು ಅವರು 2007ರ ನವೆಂಬರ್ 3ರಂದು ಹೇರಿದ ತುರ್ತುಪರಿಸ್ಥಿತಿಗೆ. 1999ರಲ್ಲಿ ಚುನಾಯಿತ ಸರ್ಕಾರವನ್ನು ಉರುಳಿಸಿದ್ದಕ್ಕೆ ಯಾರ ವಿಚಾರಣೆಯೂ ನಡೆಯಲಿಲ್ಲ, ಅದನ್ನು ನ್ಯಾಯಾಲಯವೂ ಸಂಸತ್ತೂ ಊರ್ಜಿತಗೊಳಿಸಿ ಮುಗಿಸಿದ್ದವು.

ಇಲ್ಲ ಎಂದವರು ಯಾರೂ ಇರಲಿಲ್ಲವೇ?

ಇದ್ದರು. 1977ರ ವಸಂತದಲ್ಲಿ, ದಂಗೆಗೂ ಮೊದಲು, ಲಾಹೋರಿನ ಪ್ರತಿಭಟನಕಾರರ ಮೇಲೆ ಗುಂಡು ಹಾರಿಸಲು ಮೂವರು ಬ್ರಿಗೇಡಿಯರ್‌ಗಳು ಒಪ್ಪಲಿಲ್ಲ. 2000ರ ಜನವರಿಯಲ್ಲಿ, ಮುಷರಫ್ ಹೊರಡಿಸಿದ ತಾತ್ಕಾಲಿಕ ಸಂವಿಧಾನ ಆದೇಶದಡಿ ಹೊಸದಾಗಿ ಪ್ರಮಾಣ ಸ್ವೀಕರಿಸಬೇಕೆಂದಾಗ ಮುಖ್ಯ ನ್ಯಾಯಮೂರ್ತಿ ಸಯೀದುಜ್ಜಮಾನ್ ಸಿದ್ದಿಕಿ ಮತ್ತು ಸುಪ್ರೀಂ ಕೋರ್ಟಿನ ಇನ್ನೂ ಐವರು ನ್ಯಾಯಮೂರ್ತಿಗಳು ನಿರಾಕರಿಸಿ ಹುದ್ದೆ ಕಳೆದುಕೊಂಡರು. 1981ರಲ್ಲಿ ಜಿಯಾ ಇಂಥದೇ ಆದೇಶ ತಂದಾಗ ದೊರಾಬ್ ಪಟೇಲ್ ಮತ್ತು ಫಖ್ರುದ್ದೀನ್ ಇಬ್ರಾಹಿಂ ಪ್ರಮಾಣ ಸ್ವೀಕರಿಸದೆ ಹೊರನಡೆದರು. ಅವರ ಜೊತೆ ಹೊರನಡೆದವರಲ್ಲಿ ಮುಖ್ಯ ನ್ಯಾಯಮೂರ್ತಿ ಅನ್ವರುಲ್ ಹಕ್ ಕೂಡ ಒಬ್ಬರು. 1977ರಲ್ಲಿ ಜಿಯಾ ಅವರ ಸಮರ್ಥನೆಯನ್ನು ಒಪ್ಪಿ ತೀರ್ಪು ಬರೆದಾಗ, ಸೇನಾಡಳಿತದ ಕ್ರಮಗಳನ್ನು ಪರಿಶೀಲಿಸುವ ಅಧಿಕಾರ ನ್ಯಾಯಾಲಯಕ್ಕೆ ಉಳಿದೇ ಇರುತ್ತದೆ ಎಂದು ಅವರು ಅದರಲ್ಲಿ ಸೇರಿಸಿದ್ದರು. 1981ರ ಆದೇಶ ಕಿತ್ತುಕೊಂಡದ್ದು ಆ ಅಧಿಕಾರವನ್ನೇ.